ಗುಡುಗುಡಿಯೊಳಗೆ ಇರೋದೇನು?

ಕನ್ನಡ ಸಂಘದಿಂದ ಸೊರಬ ತಾಲೂಕಿನ ಗುಡವಿ ಪಕ್ಷಿಧಾಮಕ್ಕೆ ಹೋಗಿದ್ವಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ರಘು ದೀಕ್ಷಿತ್ ಪ್ರಾಜೆಕ್ಟ್‌ನ ‘ಗುಡುಗುಡಿಯ ಸೇದಿ ನೋಡೋ’. ಹಾಡಿರೋ ಆಲ್ಬಂ ಬಂದದ್ದು 2008ರಲ್ಲಿ. ಆಗ ನಮ್ಮಲ್ಲಿ ಹಲವರು ಅಂಗನವಾಡಿಗೂ ಹೋಗ್ತಿರಲಿಲ್ಲ. ಆದರೂ ಪಲ್ಲವಿ ಎಲ್ಲರಿಗೂ ಬಾಯಿಪಾಠ. ನಡುವೆ ಜೂನಿಯರ್ ಒಬ್ಬ ಕೇಳಿದ: “ಇದು ಸಿಗರೇಟ್ ಸೇದೋರ ಹಾಡಲ್ವಾ?” ನಕ್ಕುಬಿಟ್ವಿ. ನಿಜ ಹೇಳಬೇಕಂದ್ರೆ, ನಮ್ಮಲ್ಲೂ ಅರ್ಧ ಜನ ಹಾಗೇ ಅಂದ್ಕೊಂಡಿದ್ವಿ.

ಬರೆದವರು ಶಿಶುನಾಳ ಶರೀಫರು (1819–1889). ಗುಡುಗುಡಿ ಅಂದ್ರೆ ಹುಕ್ಕಾ. ಹೊಗೆ ನೀರಿನೊಳಗಿಂದ ಬರುವಾಗ ಆಗೋ ಸದ್ದೇ ಅದರ ಹೆಸರು. ಶರೀಫರ ಗುಡುಗುಡಿಯಲ್ಲಿ ಮನಸ್ಸೇ ಸಂಚಿ, ಮೋಹವೇ ಭಂಗಿ, ಬುದ್ಧಿಯೇ ಬೆಂಕಿ. ಅಂದರೆ ಸುಡಬೇಕಾದ್ದು ಸೊಪ್ಪನ್ನಲ್ಲ, ಮೋಹವನ್ನು. ಚಟದ ಮಾತಿನಲ್ಲೇ ಚಟ ಬಿಡಿಸೋ ಜಾಣತನ ಇದು.

ಹಾಡು ಇಷ್ಟು ಕಾಲ ಉಳಿದದ್ದು ಹೇಗೆ? ತತ್ತ್ವಪದ ಇರೋದೇ ಗುಂಪಲ್ಲಿ ಹಾಡೋಕೆ: ಒಬ್ಬರು ಎತ್ತಿಕೊಂಡರೆ ಉಳಿದವರು ಪಲ್ಲವಿ ಹಿಡೀತಾರೆ. ತಾಳ, ತಂಬೂರಿಯ ಜಾಗಕ್ಕೆ ಗಿಟಾರ್, ಡ್ರಮ್ಸ್ ಬಂದರೂ ಆ ಕಟ್ಟು ಬದಲಾಗಲಿಲ್ಲ. ಅದಕ್ಕೂ ಮೊದಲೇ ಸಿ. ಅಶ್ವಥ್ ಶರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದ್ದರು; 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೂ ಅವರದೇ ಸಂಗೀತ. ಹಾಗಾಗಿಯೇ ನಮ್ಮ ಡ್ರೈವರ್ ಅಣ್ಣನೂ ಸ್ಟೇರಿಂಗ್ ಮೇಲೆ ತಾಳ ಹಾಕ್ತಿದ್ರು.

“ರಾಕ್ ಮಾಡಿ ಕೆಡಿಸಿದ್ರು” ಅನ್ನೋರಿದ್ದಾರೆ. ನಮಗೆ ಹಾಗನ್ನಿಸಲ್ಲ. ರಾಕ್ ಇಲ್ಲದಿದ್ರೆ ನಮ್ಮಲ್ಲಿ ಹಲವರು ಶರೀಫರ ಹತ್ತಿರಕ್ಕೇ ಹೋಗ್ತಿರಲಿಲ್ಲ. ಪದ ಕೆಡೋದು ಅರ್ಥ ಕೇಳದೆ ಕುಣಿದಾಗ. ಮುಂದಿನ ಫೆಸ್ಟ್‌ನಲ್ಲಿ ಧಾರಾಳವಾಗಿ ಕುಣೀರಿ. ಪಲ್ಲವಿ ಮುಗಿದ ಮೇಲೆ ಚರಣಕ್ಕೂ ಸ್ವಲ್ಪ ಕಿವಿ ಕೊಡಿ.