ಮೋಟಾರ್ ಸೈಕಲ್ಲಿನ ಚಾಸಿ ಸಂಖ್ಯೆ

ಚಾಸಿ ಸಂಖ್ಯೆ ಎಂಬುದು ಮೋಟಾರ್ ಸೈಕಲ್ಲಿನ ಚೌಕಟ್ಟಿನ ಮೇಲೆ ತಯಾರಕರು ಅಚ್ಚೊತ್ತುವ, ಆ ಒಂದು ವಾಹನಕ್ಕೆ ಮಾತ್ರ ಸಲ್ಲುವ ಗುರುತು. ಅಂತರರಾಷ್ಟ್ರೀಯ ಮಾನಕಗಳಲ್ಲಿ ಇದಕ್ಕೆ ವಾಹನ ಗುರುತಿನ ಸಂಖ್ಯೆ ಎಂದು ಹೆಸರು; ‘ವಿಐಎನ್’ ಎಂಬುದು ಅದರ ಸಂಕ್ಷೇಪ. ಸಂಖ್ಯೆಯೆಂದು ಕರೆದರೂ ಇದರಲ್ಲಿ ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಬೆರೆತಿರುತ್ತವೆ. ಇಂದಿನ ವಾಹನಗಳಲ್ಲಿ ಇದರ ಉದ್ದ ಹದಿನೇಳು ಸ್ಥಾನ. ತಯಾರಿಸಿದವರು ಯಾರು, ಯಾವ ಮಾದರಿ, ಯಾವ ವರ್ಷದ್ದು ಎಂಬ ವಿವರಗಳು ಈ ಹದಿನೇಳು ಸ್ಥಾನಗಳಲ್ಲಿ ಅಡಗಿರುತ್ತವೆ.

ಬಳಸಿದ ಮೋಟಾರ್ ಸೈಕಲ್ ಕೊಳ್ಳುವವರಿಗೆ ಈ ಸಂಖ್ಯೆಯ ಪರಿಚಯ ಅಗತ್ಯ. ನಂಬರ್ ಪ್ಲೇಟನ್ನು ಕೆಲವು ನಿಮಿಷಗಳಲ್ಲಿ ಬದಲಾಯಿಸಬಹುದು. ಎಂಜಿನ್ನನ್ನು ಅರ್ಧ ದಿನದಲ್ಲಿ ಇಳಿಸಿ ಬೇರೊಂದನ್ನು ಕೂರಿಸಬಹುದು. ಚೌಕಟ್ಟಿನ ಲೋಹದಲ್ಲಿ ಮೂಡಿದ ಸಂಖ್ಯೆಯನ್ನು ಗುರುತು ಉಳಿಯದಂತೆ ಬದಲಾಯಿಸುವುದು ಅಷ್ಟು ಸುಲಭವಲ್ಲ. ಕಳವಾದ ವಾಹನವನ್ನು ತಿಳಿಯದೆ ಕೊಂಡವರಿಗೂ ಅದರ ಒಡೆತನ ದಕ್ಕುವುದಿಲ್ಲ. ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೆ ಬಾರದು ಎಂಬ ತತ್ವ 1930ರ ಸರಕು ಮಾರಾಟ ಕಾಯಿದೆಯ 27ನೆಯ ಕಲಮಿನಲ್ಲಿದೆ. ಪೊಲೀಸರು ವಾಹನವನ್ನು ವಶಪಡಿಸಿಕೊಂಡಾಗ ಕೊಟ್ಟ ಹಣವನ್ನು ಮಾರಾಟಗಾರನಿಂದಲೇ ವಸೂಲು ಮಾಡಬೇಕಾಗುತ್ತದೆ. ಅಷ್ಟರಲ್ಲಿ ಅವನು ಊರಲ್ಲಿ ಇರುವುದು ಅಪರೂಪ. ಕಳವಿನ ಮಾಲೆಂದು ತಿಳಿದೋ, ಹಾಗೆಂದು ನಂಬಲು ಕಾರಣವಿದ್ದೋ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ಅಪರಾಧ.

ರಚನೆ

ಹದಿನೇಳು ಸ್ಥಾನಗಳ ಕ್ರಮವನ್ನು ಐಎಸ್‌ಒ 3779 ಎಂಬ ಮಾನಕ ನಿರೂಪಿಸುತ್ತದೆ. ಅಮೆರಿಕದಲ್ಲಿ 1981ರ ಮಾದರಿ ವರ್ಷದಿಂದ ಇದು ಕಡ್ಡಾಯವಾಯಿತು. ಇತರ ದೇಶಗಳು ಬೇರೆ ಬೇರೆ ಕಾಲದಲ್ಲಿ ಅಳವಡಿಸಿಕೊಂಡವು. ಭಾರತದಲ್ಲಿ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಹಾಗೂ ತಯಾರಿಕೆಯ ತಿಂಗಳು–ವರ್ಷವನ್ನು ವಾಹನದ ಮೇಲೆ ಮೂಡಿಸಬೇಕೆಂಬುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 122ನೆಯದು.

ಮೊದಲ ಮೂರು ಸ್ಥಾನಗಳು ತಯಾರಕರ ಗುರುತು. ಭಾರತಕ್ಕೆ ಮೀಸಲಾದ ಸಂಕೇತಗಳಲ್ಲಿ ಎಂಎಯಿಂದ ಎಂಇವರೆಗಿನವು ಸೇರಿವೆ. ಬಜಾಜ್ ಆಟೋದ ವಾಹನಗಳು ‘ಎಂಡಿ2’ ಎಂದೂ, ಟಿವಿಎಸ್ ‘ಎಂಡಿ6’ ಎಂದೂ, ಹೀರೊ ‘ಎಂಬಿಎಲ್’ ಎಂದೂ, ರಾಯಲ್ ಎನ್‌ಫೀಲ್ಡ್ ‘ಎಂಇ3’ ಎಂದೂ, ಹೋಂಡಾದ ಭಾರತೀಯ ಸಂಸ್ಥೆ ‘ಎಂಇ4’ ಎಂದೂ, ಯಮಾಹಾ ‘ಎಂಇ1’ ಎಂದೂ, ಸುಜುಕಿ ‘ಎಂಬಿ8’ ಎಂದೂ ಆರಂಭವಾಗುತ್ತವೆ. ಮೊದಲ ಅಕ್ಷರ ‘ಎಂ’ ಇದ್ದ ಮಾತ್ರಕ್ಕೆ ವಾಹನ ಭಾರತದ್ದೇ ಎನ್ನಲಾಗದು. ಇಂಡೊನೇಷ್ಯ, ಥಾಯ್ಲೆಂಡ್ ದೇಶಗಳ ಸಂಕೇತಗಳೂ ಅದರಿಂದಲೇ ತೊಡಗುತ್ತವೆ. ನಂಬರ್ ಪ್ಲೇಟಿನಲ್ಲಿ ‘ಎಂಎಚ್’ ಎಂದರೆ ಮಹಾರಾಷ್ಟ್ರ, ಚಾಸಿ ಸಂಖ್ಯೆಯ ಮೊದಲಲ್ಲಿ ಅದೇ ‘ಎಂಎಚ್’ ಎಂದರೆ ಇಂಡೊನೇಷ್ಯ. ಜಪಾನಿನಲ್ಲಿ ತಯಾರಾದ ವಾಹನಗಳು ‘ಜೆ’ಯಿಂದಲೂ, ಇಟಲಿಯವು ‘ಝಡ್’ನಿಂದಲೂ ಆರಂಭವಾಗುತ್ತವೆ. ಆದುದರಿಂದ ಪೂರ್ಣವಾಗಿ ಆಮದಾದದ್ದೆಂದು ಹೇಳಿ ದುಬಾರಿ ಬೆಲೆಗೆ ಮಾರುವ ಬೈಕಿನ ಮೊದಲ ಮೂರು ಅಕ್ಷರಗಳನ್ನು ಓದಿದರೆ ಆ ಮಾತಿನ ನಿಜಾಂಶ ಬಹುಮಟ್ಟಿಗೆ ತಿಳಿಯುತ್ತದೆ.

ನಾಲ್ಕರಿಂದ ಒಂಬತ್ತರವರೆಗಿನ ಆರು ಸ್ಥಾನಗಳು ಮಾದರಿ, ಎಂಜಿನ್ನಿನ ಬಗೆ, ಬ್ರೇಕ್ ಮುಂತಾದವನ್ನು ಸೂಚಿಸುತ್ತವೆ. ಇವುಗಳ ಅರ್ಥವನ್ನು ತಯಾರಕರು ತಾವೇ ನಿಗದಿ ಮಾಡಿಕೊಳ್ಳುವುದರಿಂದ ಎಲ್ಲರಿಗೂ ಅನ್ವಯಿಸುವ ಕೋಷ್ಟಕವಿಲ್ಲ. ಹತ್ತರಿಂದ ಹದಿನೇಳರವರೆಗಿನ ಎಂಟು ಸ್ಥಾನಗಳು ಆ ಬಿಡಿ ವಾಹನದ ಗುರುತು. ಸಾಮಾನ್ಯವಾಗಿ ಇಲ್ಲಿ ವರ್ಷ, ಕಾರ್ಖಾನೆ ಮತ್ತು ಕ್ರಮಸಂಖ್ಯೆ ಇರುತ್ತವೆ.

ಹದಿನೇಳು ಸ್ಥಾನಗಳಲ್ಲಿ ಎಲ್ಲಿಯೂ ಇಂಗ್ಲಿಷಿನ ಐ, ಓ, ಕ್ಯೂ ಎಂಬ ಮೂರು ಅಕ್ಷರಗಳು ಬರುವಂತಿಲ್ಲ. ಒಂದು ಮತ್ತು ಸೊನ್ನೆಗಳೊಡನೆ ಗೊಂದಲವಾಗದಿರಲೆಂದು ಅವನ್ನು ಕೈಬಿಡಲಾಗಿದೆ. ಈ ಸಣ್ಣ ನಿಯಮದಿಂದ ದೊಡ್ಡ ಉಪಯೋಗವಿದೆ. ನೋಂದಣಿ ಪ್ರಮಾಣಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ, ‘ಓ’ ಅಕ್ಷರ ಕಂಡರೆ ಅದು ಸೊನ್ನೆಯನ್ನು ತಪ್ಪಾಗಿ ಬರೆದದ್ದು. ಕಚೇರಿಯಲ್ಲಿ ಅರ್ಜಿ ಕೊಟ್ಟು ತಿದ್ದಿಸಿಕೊಳ್ಳಬೇಕು. ಚೌಕಟ್ಟಿನ ಮೇಲೆಯೇ ‘ಓ’ ಅಥವಾ ‘ಐ’ ಅಚ್ಚಾಗಿದ್ದರೆ ಅದು ಕಾರ್ಖಾನೆಯ ಕೆಲಸವೇ ಎಂಬುದು ಅನುಮಾನ.

ತಯಾರಿಕೆಯ ವರ್ಷ

ಬಹುಪಾಲು ಭಾರತೀಯ ತಯಾರಕರು ಹತ್ತನೆಯ ಸ್ಥಾನವನ್ನು ವರ್ಷಕ್ಕೆ ಬಳಸುತ್ತಾರೆ. 2001ರಿಂದ 2009ರವರೆಗಿನ ವರ್ಷಗಳಿಗೆ 1ರಿಂದ 9ರವರೆಗಿನ ಅಂಕಿಗಳು. 2010ಕ್ಕೆ ಎ, 2011ಕ್ಕೆ ಬಿ, ಹೀಗೆ ಮುಂದುವರಿದು 2017ಕ್ಕೆ ಎಚ್ ಬರುತ್ತದೆ. ಐ ಇಲ್ಲವಾದ್ದರಿಂದ 2018ಕ್ಕೆ ಜೆ, 2019ಕ್ಕೆ ಕೆ, 2020ಕ್ಕೆ ಎಲ್, 2021ಕ್ಕೆ ಎಂ, 2022ಕ್ಕೆ ಎನ್. ಓ ಇಲ್ಲವಾದ್ದರಿಂದ 2023ಕ್ಕೆ ಪಿ. ಕ್ಯೂ ಇಲ್ಲವಾದ್ದರಿಂದ 2024ಕ್ಕೆ ಆರ್, 2025ಕ್ಕೆ ಎಸ್. ಈ ಸ್ಥಾನದಲ್ಲಿ ಯು, ಝಡ್ ಮತ್ತು ಸೊನ್ನೆಗಳೂ ನಿಷಿದ್ಧ. ಮೂವತ್ತು ವರ್ಷಗಳಿಗೊಮ್ಮೆ ಚಕ್ರ ಮತ್ತೆ ಮೊದಲಾಗುತ್ತದೆ. ಇ ಎಂದರೆ 1984 ಆಗಬಹುದು, 2014 ಆಗಬಹುದು. ವಾಹನವನ್ನು ಕಣ್ಣಿಂದ ಕಂಡವರಿಗೆ ಈ ಸಂದಿಗ್ಧ ಉಳಿಯುವುದಿಲ್ಲ.

ತಿಂಗಳಿನ ಸಂಕೇತವೂ ಇರುವುದುಂಟು. ಜನವರಿಗೆ ಎ ಎಂದು ತೊಡಗಿ, ಐಯನ್ನು ಬಿಟ್ಟು, ಡಿಸೆಂಬರಿಗೆ ಎಂ ಎಂದು ಮುಗಿಸುವ ಪದ್ಧತಿ ಪ್ರಚಲಿತವಾಗಿದೆ. ಆದರೆ ಅದು ಬರುವ ಸ್ಥಾನ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ. ಹಾಗಾಗಿ ತಿಂಗಳನ್ನು ಊಹಿಸುವುದಕ್ಕಿಂತ ಆರ್‌ಸಿಯಲ್ಲಿ ನಮೂದಾದ ತಯಾರಿಕೆಯ ತಿಂಗಳನ್ನು ಅಧಿಕೃತ ಡೀಲರರಲ್ಲಿ ತಾಳೆ ನೋಡುವುದು ಮೇಲು.

ಮಾರುಕಟ್ಟೆಯಲ್ಲಿ ‘2019ರ ಮಾಡೆಲ್’ ಎಂಬ ಮಾತಿಗೆ ನಿಶ್ಚಿತ ಅರ್ಥವಿಲ್ಲ. ಮಾರುವವರು ನೋಂದಣಿಯ ವರ್ಷವನ್ನು ಹೇಳುತ್ತಾರೆ. ವಾಹನ ಅದಕ್ಕಿಂತ ಹಿಂದಿನ ವರ್ಷದಲ್ಲಿ ತಯಾರಾಗಿ ಅಂಗಡಿಯಲ್ಲಿ ನಿಂತಿದ್ದಿರಬಹುದು. ಡಿಸೆಂಬರಿನಲ್ಲಿ ತಯಾರಾಗಿ ಜನವರಿಯಲ್ಲಿ ನೋಂದಣಿಯಾದ ಬೈಕಿನಲ್ಲಿ ಮೋಸವೇನೂ ಇಲ್ಲ. ಬೆಲೆಯನ್ನು ಮಾತ್ರ ತಯಾರಿಕೆಯ ವರ್ಷಕ್ಕೆ ತಕ್ಕಂತೆ ಕೇಳುವುದು ನ್ಯಾಯ. ಚಾಸಿ ಸಂಖ್ಯೆಯ ವರ್ಷ ನೋಂದಣಿಯ ವರ್ಷಕ್ಕಿಂತ ಮುಂದಿನದಾಗಿದ್ದರೆ ಅದು ಬೇರೆ ಮಾತು: ತಯಾರಾಗುವ ಮೊದಲೇ ಯಾವ ವಾಹನವೂ ನೋಂದಣಿಯಾಗುವುದಿಲ್ಲ.

ವರ್ಷವನ್ನು ವಾಹನದ ಅಂಗಗಳೊಡನೆಯೂ ಹೋಲಿಸಬಹುದು. 2019ರ ಏಪ್ರಿಲ್ 1ರಿಂದ 125 ಸಿಸಿಗಿಂತ ಹೆಚ್ಚಿನ ಹೊಸ ದ್ವಿಚಕ್ರ ವಾಹನಗಳಿಗೆ ಎಬಿಎಸ್ ಬ್ರೇಕ್ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನಕ ಜಾರಿಗೆ ಬಂತು. ಹತ್ತನೆಯ ಸ್ಥಾನದಲ್ಲಿ 2021ರ ‘ಎಂ’ ಇದ್ದು, 350 ಸಿಸಿಯ ಬೈಕಿನಲ್ಲಿ ಎಬಿಎಸ್ ಇಲ್ಲದಿದ್ದರೆ ಸಂಖ್ಯೆಯೋ ಬೈಕೋ ಎರಡರಲ್ಲೊಂದು ಬೇರೆ ಕಡೆಯಿಂದ ಬಂದಿರಬೇಕು.

ಪರೀಕ್ಷಾ ಅಂಕಿ

ಉತ್ತರ ಅಮೆರಿಕದಲ್ಲಿ ಮಾರುವ ವಾಹನಗಳಲ್ಲಿ ಒಂಬತ್ತನೆಯ ಸ್ಥಾನ ಪರೀಕ್ಷಾ ಅಂಕಿಗೆ ಮೀಸಲು. ಉಳಿದ ಸ್ಥಾನಗಳನ್ನು ಸರಿಯಾಗಿ ಬರೆದುಕೊಳ್ಳಲಾಗಿದೆಯೇ ಎಂಬುದನ್ನು ಅದು ತೋರಿಸುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಬೆಲೆ ಇದೆ: ಎಯಿಂದ ಎಚ್‌ವರೆಗೆ 1ರಿಂದ 8, ಜೆಯಿಂದ ಎನ್‌ವರೆಗೆ 1ರಿಂದ 5, ಪಿಗೆ 7, ಆರ್‌ಗೆ 9, ಎಸ್‌ನಿಂದ ಝಡ್‌ವರೆಗೆ 2ರಿಂದ 9. ಅಂಕಿಗಳಿಗೆ ಅವುಗಳದೇ ಬೆಲೆ. ಈ ಬೆಲೆಗಳನ್ನು ಕ್ರಮವಾಗಿ 8, 7, 6, 5, 4, 3, 2, 10, 0, 9, 8, 7, 6, 5, 4, 3, 2 ಎಂಬ ತೂಕಗಳಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, 11ರಿಂದ ಭಾಗಿಸಬೇಕು. ಉಳಿದ ಶೇಷವೇ ಒಂಬತ್ತನೆಯ ಸ್ಥಾನದಲ್ಲಿರಬೇಕು; ಶೇಷ 10 ಆದರೆ ಅಲ್ಲಿ ‘ಎಕ್ಸ್’ ಬರುತ್ತದೆ.

ಹದಿನೇಳು ಸ್ಥಾನಗಳಲ್ಲೂ 1 ಇರುವ ಕಲ್ಪಿತ ಸಂಖ್ಯೆಯಿಂದ ಇದನ್ನು ಸುಲಭವಾಗಿ ಅರಿಯಬಹುದು. ಆಗ ಮೊತ್ತವೆಂದರೆ ತೂಕಗಳ ಮೊತ್ತವೇ, ಅಂದರೆ 89. ಅದನ್ನು 11ರಿಂದ ಭಾಗಿಸಿದರೆ ಶೇಷ 1. ಒಂಬತ್ತನೆಯ ಸ್ಥಾನದಲ್ಲೂ 1 ಇರುವುದರಿಂದ ಲೆಕ್ಕ ಸರಿ. ಕೊನೆಯ 1ನ್ನು ಯಾರಾದರೂ 2 ಎಂದು ಓದಿದರೆ ಮೊತ್ತ 91, ಶೇಷ 3. ತಪ್ಪು ಒಡನೆಯೇ ಬಯಲಾಗುತ್ತದೆ.

ಭಾರತದಲ್ಲಿ ಮಾರುವ ವಾಹನಗಳಿಗೆ ಈ ಅಂಕಿ ಕಡ್ಡಾಯವಲ್ಲ. ಇಲ್ಲಿನ ತಯಾರಕರು ಒಂಬತ್ತನೆಯ ಸ್ಥಾನವನ್ನು ಬೇರೆ ವಿವರಕ್ಕೆ ಬಳಸಬಹುದು. ಅಮೆರಿಕದ ವಾಹನಗಳಿಗಾಗಿ ರಚಿಸಿದ ಜಾಲತಾಣಗಳಲ್ಲಿ ಭಾರತೀಯ ಬೈಕಿನ ಸಂಖ್ಯೆಯನ್ನು ಹಾಕಿದಾಗ ‘ಅಮಾನ್ಯ’ ಎಂಬ ಉತ್ತರ ಬರುವುದು ಈ ಕಾರಣದಿಂದ. ಅದನ್ನೇ ನಂಬಿ ಪ್ರಾಮಾಣಿಕ ಮಾರಾಟಗಾರನನ್ನು ಕಳ್ಳನೆಂದು ತಿಳಿಯುವುದು ತಪ್ಪು.

ಸಂಖ್ಯೆ ಇರುವ ಸ್ಥಳ ಮತ್ತು ತಿದ್ದುಪಡಿಯ ಲಕ್ಷಣಗಳು

ಬಹಳಷ್ಟು ಮೋಟಾರ್ ಸೈಕಲ್ಲುಗಳಲ್ಲಿ ಹ್ಯಾಂಡಲ್ ತಿರುಗುವ ಕತ್ತಿನ ಕೊಳವೆಯ ಪಕ್ಕದಲ್ಲಿ ಚಾಸಿ ಸಂಖ್ಯೆ ಇರುತ್ತದೆ. ಹ್ಯಾಂಡಲನ್ನು ಒಂದು ಬದಿಗೆ ಪೂರ್ತಿ ತಿರುಗಿಸಿದರೆ ಕಾಣುತ್ತದೆ. ಸ್ಕೂಟರುಗಳಲ್ಲಿ ಜಾಗ ಬೇರೆ. ಕೆಲವೆಡೆ ಮುಚ್ಚಳವನ್ನು ತೆಗೆಯಬೇಕಾದೀತು. ಎಂಜಿನ್ ಸಂಖ್ಯೆ ಕ್ರ್ಯಾಂಕ್‌ಕೇಸಿನ ಮೇಲಿರುತ್ತದೆ. ಅದಕ್ಕೆ ಹದಿನೇಳು ಸ್ಥಾನಗಳ ನಿಯಮವಿಲ್ಲ. ವಿದ್ಯುತ್ ವಾಹನಗಳಲ್ಲಿ ಅದರ ಬದಲು ಮೋಟಾರಿನ ಸಂಖ್ಯೆ ಇರುತ್ತದೆ.

ಸಂಖ್ಯೆಯ ಮೇಲಿನ ಮಣ್ಣು, ಗ್ರೀಸನ್ನು ಸೀಮೆಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ ಹಗಲು ಬೆಳಕಿನಲ್ಲಿ ನೋಡಬೇಕು. ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರಗಳ ಆಳ, ಎತ್ತರ, ಅಂತರಗಳು ಸಮನಾಗಿರುತ್ತವೆ. ಕೈಯಿಂದ ಸುತ್ತಿಗೆಯಲ್ಲಿ ಹೊಡೆದ ಅಚ್ಚುಗಳು ಸಾಲು ತಪ್ಪುತ್ತವೆ, ಒಂದು ಆಳ ಒಂದು ತೇಲು. 3ನ್ನು 8 ಮಾಡಿದ್ದು, 1ನ್ನು 4 ಮಾಡಿದ್ದು ಭೂತಗನ್ನಡಿಯಲ್ಲಿ ಕಾಣುತ್ತದೆ. ಅರದಿಂದ ಉಜ್ಜಿದ ಗೆರೆಗಳು, ಸಂಖ್ಯೆಯ ಸುತ್ತ ಮಾತ್ರ ಹೊಳೆಯುವ ಹೊಸ ಬಣ್ಣ, ಕೊಳವೆಯ ಮೇಲೆ ಬೆಸುಗೆಯ ಏರು, ಇವೆಲ್ಲ ಸಂಶಯಕ್ಕೆ ಆಸ್ಪದ ಕೊಡುತ್ತವೆ. ಬೆಸುಗೆಗೆ ವಿಶೇಷ ಗಮನ ಬೇಕು. ಸಂಖ್ಯೆಯನ್ನು ತಿದ್ದುವ ಬದಲು ಗುಜರಿ ಬೈಕಿನ ಸಂಖ್ಯೆಯುಳ್ಳ ತುಂಡನ್ನೇ ಕತ್ತರಿಸಿ ಜೋಡಿಸಿದ್ದರೆ ಅಕ್ಷರಗಳು ಅಸಲಿಯಾಗಿಯೇ ಇರುತ್ತವೆ.

ಉಜ್ಜಿ ಅಳಿಸಿದ ಸಂಖ್ಯೆಯೂ ಪೂರ್ತಿ ಅಳಿಯುವುದಿಲ್ಲ. ಅಚ್ಚಿನ ಹೊಡೆತಕ್ಕೆ ಮೇಲ್ಮೈಯ ಕೆಳಗಿನ ಲೋಹವೂ ಒತ್ತಿಹೋಗಿರುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಆಮ್ಲಯುಕ್ತ ದ್ರಾವಣ ಲೇಪಿಸಿದಾಗ ಒತ್ತಿದ ಭಾಗ ಮತ್ತು ಒತ್ತದ ಭಾಗ ಬೇರೆ ಬೇರೆ ವೇಗದಲ್ಲಿ ಕರಗಿ ಹಳೆಯ ಅಂಕಿಗಳು ಮತ್ತೆ ಗೋಚರಿಸುತ್ತವೆ. ತುಂಬ ಆಳಕ್ಕೆ ಉಜ್ಜಿದ್ದರೆ ಮಾತ್ರ ಈ ವಿಧಾನ ಫಲಿಸದು. ಇದು ಪೊಲೀಸ್ ತನಿಖೆಯ ಕೆಲಸ, ಕೊಳ್ಳುವವರು ಮಾಡುವಂಥದ್ದಲ್ಲ.

ದಾಖಲೆಗಳೊಡನೆ ಹೋಲಿಕೆ

ಸಂಖ್ಯೆಯ ಅರ್ಥ ತಿಳಿಯುವುದು ಅರ್ಧ ಕೆಲಸ. ಚೌಕಟ್ಟು, ಆರ್‌ಸಿ ಮತ್ತು ಸರ್ಕಾರದ ‘ವಾಹನ್’ ದತ್ತಾಂಶ, ಈ ಮೂರೂ ಅಕ್ಷರಶಃ ಒಂದೇ ಆಗಿರಬೇಕು. ಮಾರುವವರು ವಾಟ್ಸಾಪಿನಲ್ಲಿ ಕಳಿಸಿದ ಆರ್‌ಸಿ ಚಿತ್ರದಿಂದ ಸಂಖ್ಯೆಯನ್ನು ಬರೆದುಕೊಂಡು, ಅದನ್ನೇ ಜಾಲತಾಣದಲ್ಲಿ ನೋಡಿ ಸರಿಯಿದೆ ಎಂದುಕೊಳ್ಳುವವರು ಅನೇಕರು. ಅದರಿಂದ ಕಾಗದವನ್ನು ಕಾಗದದೊಡನೆ ಹೋಲಿಸಿದಂತಾಯಿತೇ ಹೊರತು ವಾಹನವನ್ನು ನೋಡಿದಂತಾಗಲಿಲ್ಲ. ಅಪಘಾತದಲ್ಲಿ ನಜ್ಜುಗುಜ್ಜಾದ ಬೈಕಿನ ಅಸಲಿ ಆರ್‌ಸಿಯನ್ನು ಕೊಂಡು, ಅದೇ ಮಾದರಿಯ ಕಳವಿನ ಬೈಕಿಗೆ ಆ ಸಂಖ್ಯೆ ಹೊಡೆಯುವ ವಂಚನೆಯಲ್ಲಿ ಕಾಗದಗಳು ನಿಷ್ಕಳಂಕವಾಗಿರುತ್ತವೆ.

ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಕೊಟ್ಟರೆ ಮಾದರಿ, ನೋಂದಣಿ ದಿನಾಂಕ, ವಿಮೆ ಮುಂತಾದವು ಕಾಣುತ್ತವೆ. ಮಾಲೀಕರ ಹೆಸರಿನಂಥ ವಿವರಗಳ ಒಂದು ಭಾಗವನ್ನು ಮರೆಮಾಡಿರುತ್ತಾರೆ. ವಾಹನ ಕಳವಾದದ್ದೇ ಎಂದು ತಿಳಿಯಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ‘ವಾಹನ್ ಸಮನ್ವಯ್’ ವ್ಯವಸ್ಥೆ ಇದೆ. ಅದರಲ್ಲಿ ಹುಡುಕುವಾಗ ಚೌಕಟ್ಟಿನಿಂದ ನೇರವಾಗಿ ಓದಿಕೊಂಡ ಸಂಖ್ಯೆಯನ್ನೇ ಕೊಡಬೇಕು. ಚೌಕಟ್ಟಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡರೆ ಎಸ್ ಮತ್ತು 5, ಬಿ ಮತ್ತು 8, ಝಡ್ ಮತ್ತು 2 ಒಂದರಂತೆ ಒಂದು ಕಂಡು ಆಗುವ ತಪ್ಪು ತಪ್ಪುತ್ತದೆ. ಹೆಸರು ವರ್ಗಾವಣೆಯ ಅರ್ಜಿಗೂ ಇಂಥ ಅಚ್ಚನ್ನು ಕೇಳುವುದುಂಟು.

ಸಂಖ್ಯೆ ಹೊಂದದಿದ್ದರೆಲ್ಲ ಕಳವು ಎಂದಲ್ಲ. ಕೆಟ್ಟ ಎಂಜಿನ್ನನ್ನು ಬದಲಿಸಿದವರು ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಹೊಸ ಸಂಖ್ಯೆಯನ್ನು ಆರ್‌ಸಿಯಲ್ಲಿ ಸೇರಿಸಿಕೊಳ್ಳಬೇಕು. ಹಲವರು ಸೋಮಾರಿತನದಿಂದ ಬಿಟ್ಟಿರುತ್ತಾರೆ. ತುಕ್ಕು ಹಿಡಿದು ಅಳಿಸಿದ ಸಂಖ್ಯೆಯೂ ಇರಬಹುದು. ಅಂಥ ಸಂದರ್ಭದಲ್ಲಿ ದಾಖಲೆಯನ್ನು ಸರಿಪಡಿಸುವ ಹೊಣೆ ಮಾರುವವರದು. ಮುಂಗಡ ಕೊಡುವ ಮೊದಲೇ ಅದು ಮುಗಿದಿರಬೇಕು. ‘ಆಮೇಲೆ ಮಾಡಿಸಿಕೊಡುತ್ತೇನೆ’ ಎಂಬ ಭರವಸೆಗೆ ಆರ್‌ಟಿಒ ಕಚೇರಿಯಲ್ಲಿ ಬೆಲೆಯಿಲ್ಲ.

ಹಳೆಯ ವಾಹನಗಳು

ಹದಿನೇಳು ಸ್ಥಾನಗಳ ಪದ್ಧತಿ ಬರುವ ಮೊದಲಿನ ಮೋಟಾರ್ ಸೈಕಲ್ಲುಗಳಿಗೆ ಮೇಲಿನ ಕೋಷ್ಟಕಗಳು ಅನ್ವಯಿಸುವುದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿಗಳು, ಹಳೆಯ ಬುಲೆಟ್, ರಾಜದೂತ್, ಯಮಾಹಾ ಆರ್‌ಎಕ್ಸ್ 100 ಇವುಗಳ ಸಂಖ್ಯೆಗಳು ಚಿಕ್ಕವು. ಅವುಗಳಲ್ಲಿ ಹತ್ತನೆಯ ಅಕ್ಷರವನ್ನು ಹುಡುಕಿ ವರ್ಷ ಹೇಳಲಾಗದು. ಸಂಗ್ರಾಹಕರ ಆಸಕ್ತಿಯಿಂದ ಇವುಗಳ ಬೆಲೆ ಏರಿರುವುದರಿಂದ ಬೇರೆ ಮಾದರಿಯ ಚೌಕಟ್ಟಿಗೆ ಬೇಡಿಕೆಯಿರುವ ಮಾದರಿಯ ಟ್ಯಾಂಕು, ಎಂಜಿನ್ನು ಜೋಡಿಸಿ ಮಾರುವ ಪ್ರಲೋಭನೆಯೂ ಹೆಚ್ಚಿದೆ. ಇಲ್ಲಿ ಪ್ರಯೋಜನಕ್ಕೆ ಬರುವುದು ಮೂಲ ಆರ್‌ಸಿ ಪುಸ್ತಕ, ಅದರಲ್ಲಿರುವ ಹಿಂದಿನ ಮಾಲೀಕರ ಸರಣಿ ಮತ್ತು ಅದೇ ಮಾದರಿಯ ಅಸಲಿ ವಾಹನವೊಂದರ ಅಚ್ಚಿನೊಡನೆ ಅಕ್ಷರಗಳ ಆಕಾರವನ್ನು ಹೋಲಿಸುವುದು.