ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ಪಥ್ಯಪಾಲನೆ



ಕಳೆದ ಆಷಾಢದಲ್ಲಿ, ಮಳೆ ಬಿಡುವು ಕೊಡದ ಒಂದು ಬೆಳಿಗ್ಗೆ, ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆಯ ಕಡೆಯಿಂದ ಸಹೋದರಿಯೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ತಲೆಗೂದಲು ಹಿಡಿಹಿಡಿಯಾಗಿ ಉದುರುತ್ತಿದೆ, ಒಳ್ಳೆಯ ತೈಲ ಕೊಡಬೇಕೆಂಬುದು ಅವರ ಕೋರಿಕೆ. ವಿಚಾರಿಸಿದಾಗ, ಇಪ್ಪತ್ತು ತಿಂಗಳ ಹಿಂದೆ ಘಟ್ಟದ ಕೆಳಗಿನ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರೆಂದು ತಿಳಿಯಿತು. ಮೊದಲ ವರ್ಷದಲ್ಲಿ 34 ಕಿಲೋ ಇಳಿದಿತ್ತು. ಸಕ್ಕರೆ ಕಾಯಿಲೆ ಹತೋಟಿಗೆ ಬಂದಿತ್ತು, ಮಂಡಿನೋವು ಮರೆತೇ ಹೋಗಿತ್ತು. ಈಗ ಮತ್ತೆ 7 ಕಿಲೋ ಏರಿದೆ. “ಡಾಕ್ಟರೇ, ನಾನು ಉಣ್ಣುವುದು ಒಂದು ಹಿಡಿ ಅನ್ನ. ಆದರೂ ತೂಕ ಏರುತ್ತಿದೆ. ಆಪರೇಷನ್ನೇ ಕೆಟ್ಟಿತೋ ಏನೋ” ಎಂದು ಅವರು ಕಣ್ಣೀರು ತಂದುಕೊಂಡರು.

ಮೂರು ದಿನ ಬಾಯಿಗೆ ಹಾಕಿದ್ದನ್ನೆಲ್ಲ ಬರೆದು ತರಲು ನಾವು ಹೇಳಿದೆವು. ಅವರು ಪ್ರಾಮಾಣಿಕವಾಗಿ ಬರೆದು ತಂದರು. ಊಟ ನಿಜಕ್ಕೂ ಒಂದು ಹಿಡಿಯೇ. ಆದರೆ ದಿನಕ್ಕೆ ಐದು ಸಲ ಹಾಲು, ಬೆಲ್ಲ ಬೆರೆಸಿದ ಕಾಫಿ. ಮಳೆಗೆ ಬಾಯಿ ಬಿಸಿಮಾಡಿಕೊಳ್ಳಲು ಹಲಸಿನಕಾಯಿ ಚಿಪ್ಸು, ಕರಿದ ಹಪ್ಪಳ. ನೆಂಟರು ಬಂದಾಗ ಬಾಳೆಹಣ್ಣಿನ ಹಲ್ವ. ಬೇಳೆ, ಮೊಸರುಗಳ ಹೆಸರು ಆ ಪಟ್ಟಿಯಲ್ಲಿ ಅಪರೂಪ. ಶಸ್ತ್ರಚಿಕಿತ್ಸೆ ಕೆಟ್ಟಿರಲಿಲ್ಲ, ಪಥ್ಯ ಕೆಟ್ಟಿತ್ತು. ನಮ್ಮ ಭಕ್ತಾದಿಗಳಲ್ಲಿಯೂ ಈ ಚಿಕಿತ್ಸೆ ಪಡೆದವರು ಈಗ ಅಲ್ಲಲ್ಲಿ ಕಾಣಸಿಗುತ್ತಾರೆ. ಅವರಿಗೂ ಅವರ ಮನೆಯವರಿಗೂ ನಾಲ್ಕು ಮಾತು ತಿಳಿಸುವುದು ಈ ಲೇಖನದ ಉದ್ದೇಶ.

ಶಸ್ತ್ರಚಿಕಿತ್ಸೆಯಲ್ಲಿ ಆಗುವುದೇನು?

ಮೊದಲಿಗೆ ಒಂದು ಗೊಂದಲ ನಿವಾರಣೆಯಾಗಲಿ. ಚರ್ಮದ ಅಡಿಯ ಕೊಬ್ಬನ್ನು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆ ಬೇರೆ, ಬೇರಿಯಾಟ್ರಿಕ್ ಎನ್ನಲಾಗುವ ಈ ಚಿಕಿತ್ಸೆ ಬೇರೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ‘ಸ್ಲೀವ್’ ಎಂಬ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಬಾಳೆಕಾಯಿಯ ಆಕಾರದ ನಾಳವನ್ನಷ್ಟೇ ಉಳಿಸುತ್ತಾರೆ. ‘ಬೈಪಾಸ್’ ಎಂಬ ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಲೀಟರ್ ಹಿಡಿಸುವ, ಸಣ್ಣ ನಿಂಬೆಹಣ್ಣಿನಷ್ಟು ಚೀಲವನ್ನು ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ.

ಹಸಿವನ್ನು ಎಬ್ಬಿಸುವ ‘ಗ್ರೆಲಿನ್’ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್ ವಿಧಾನದಲ್ಲಿ ಆ ಭಾಗವೇ ಹೋಗುವುದರಿಂದ ಮೊದಲ ತಿಂಗಳುಗಳಲ್ಲಿ ಹಸಿವೆಂಬುದೇ ಕಾಣುವುದಿಲ್ಲ. ಆದರೆ ಒಂದೆರಡು ವರ್ಷಗಳಲ್ಲಿ ಹಸಿವು ಮೆಲ್ಲನೆ ಮರಳುತ್ತದೆ. ಪಥ್ಯದ ನಿಜವಾದ ಪರೀಕ್ಷೆ ಆಗ ಆರಂಭವಾಗುತ್ತದೆ.

ಸ್ವೀಡನ್ ದೇಶದಲ್ಲಿ 1987ರಿಂದ ನಡೆದ ದೀರ್ಘ ಅಧ್ಯಯನವೊಂದು ಇದನ್ನು ಸ್ಪಷ್ಟಪಡಿಸಿದೆ. ಬೈಪಾಸ್ ಮಾಡಿಸಿಕೊಂಡವರು ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇಕಡಾ 32ರಷ್ಟು ತೂಕ ಕಳೆದುಕೊಂಡಿದ್ದರು; ಹತ್ತು ವರ್ಷಗಳ ಹೊತ್ತಿಗೆ ಆ ಇಳಿಕೆ ಶೇಕಡಾ 25ಕ್ಕೆ ಬಂದು ನಿಂತಿತ್ತು. ಸ್ವಲ್ಪ ತೂಕ ಮರಳುವುದು ಸಹಜವೆಂಬುದು ಇದರಿಂದ ತಿಳಿಯುವ ಮೊದಲ ಮಾತು, ಅದಕ್ಕಾಗಿ ಎದೆಗುಂದಬೇಕಿಲ್ಲ. ಹೆಚ್ಚಿನ ಲಾಭ ಉಳಿಯುತ್ತದೆಂಬುದು ಎರಡನೆಯ ಮಾತು, ಆದುದರಿಂದ ಕೈಬಿಡಲೂ ಬಾರದು.

ಆಯುರ್ವೇದದ ದೃಷ್ಟಿ

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೌಲ್ಯವನ್ನು ವಿವರಿಸುತ್ತದೆ. ಮೇದಸ್ಸು ಸ್ರೋತಸ್ಸುಗಳನ್ನು ಮುಚ್ಚಿದಾಗ ವಾಯು ಕೋಷ್ಠದಲ್ಲಿಯೇ ಸುಳಿದು ಅಗ್ನಿಯನ್ನು ಕೆರಳಿಸುತ್ತದೆ. ಅದರಿಂದ ತಿಂದದ್ದು ಬೇಗ ಜೀರ್ಣವಾಗಿ, ಸ್ಥೂಲನಿಗೆ ಮತ್ತೆ ಮತ್ತೆ ಹಸಿವಾಗುತ್ತದೆ ಎಂಬುದು ಆಚಾರ್ಯರ ಅಭಿಪ್ರಾಯ. ದಪ್ಪಗಿರುವವರನ್ನು ಆಸೆಬುರುಕರೆಂದು ಹೀಯಾಳಿಸುವವರು ಇದನ್ನು ಮನಸ್ಸಿನಲ್ಲಿಡಬೇಕು. ಅದು ರೋಗದ ಹಸಿವು.

ಶಸ್ತ್ರಚಿಕಿತ್ಸೆಯ ನಂತರ ಆಸ್ಪತ್ರೆಯವರು ಮೊದಲು ತಿಳಿಯಾದ ದ್ರವ, ಬಳಿಕ ಗಟ್ಟಿ ದ್ರವ, ಬಳಿಕ ನುಣ್ಣಗೆ ಅರೆದ ಆಹಾರ, ಬಳಿಕ ಮೆತ್ತನೆಯ ಆಹಾರ, ಆರರಿಂದ ಎಂಟು ವಾರಗಳ ಹೊತ್ತಿಗೆ ಸಾಮಾನ್ಯ ಆಹಾರ ಎಂಬ ಕ್ರಮವನ್ನು ಸೂಚಿಸುತ್ತಾರೆ. ಇದು ನಮಗೆ ಹೊಸದಲ್ಲ. ಪಂಚಕರ್ಮದ ಶೋಧನೆಯ ನಂತರ ನಾವು ಅನುಸರಿಸುವ ಸಂಸರ್ಜನ ಕ್ರಮವೂ ಪೇಯ, ವಿಲೇಪಿ, ಯೂಷ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಸಣ್ಣ ಕಿಡಿಗೆ ಮೊದಲು ಒಣಹುಲ್ಲು, ಬೆರಣಿಯ ಪುಡಿ ಕೊಟ್ಟು ದೊಡ್ಡದು ಮಾಡುವಂತೆ ಜಠರಾಗ್ನಿಯನ್ನು ಬೆಳೆಸಬೇಕೆಂಬುದು ಅದರ ತತ್ತ್ವ. ಎರಡನೆಯ ವಾರದಲ್ಲಿಯೇ ಅಕ್ಕಿರೊಟ್ಟಿ ಮುರಿದು ತಿಂದು ಒದ್ದಾಡಿದವರನ್ನು ನಾವು ಕಂಡಿದ್ದೇವೆ. ಹೊಲಿಗೆ ಹಾಕಿದ ಜಠರಕ್ಕೆ ಅದು ಅಪಾಯಕಾರಿ.

ಆದರೆ ಶಾಸ್ತ್ರದ ಮಾತೆಲ್ಲವೂ ಈ ಬದಲಾದ ದೇಹಕ್ಕೆ ಹೊಂದುವುದಿಲ್ಲವೆಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಊಟದ ನಡುವೆ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯುವುದು ಹಿತವೆಂದು ನಮ್ಮ ಗ್ರಂಥಗಳು ಹೇಳುತ್ತವೆ. ಅದು ಪೂರ್ಣ ಜಠರ ಉಳ್ಳವರಿಗೆ. ಶಸ್ತ್ರಚಿಕಿತ್ಸೆಯಾದವರು ಊಟಕ್ಕೆ ಅರ್ಧ ಗಂಟೆ ಮೊದಲು ನೀರು ನಿಲ್ಲಿಸಿ, ಊಟವಾದ ಅರ್ಧ ಗಂಟೆಯ ನಂತರವೇ ಕುಡಿಯಬೇಕು. ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಒಳಗೆ ಹೋಗಬೇಕು. ಹಾಗೆಯೇ ಸ್ಥೌಲ್ಯಕ್ಕೆ ಜೇನುನೀರು ಒಳ್ಳೆಯದೆಂದು ಶಾಸ್ತ್ರದಲ್ಲಿದ್ದರೂ ಬೈಪಾಸ್ ಆದವರು ಅದನ್ನು ಕುಡಿಯಕೂಡದು. ಸಿಹಿ ನೇರವಾಗಿ ಕರುಳಿಗೆ ಇಳಿದಾಗ ಅರ್ಧ ಗಂಟೆಯೊಳಗೆ ಎದೆಬಡಿತ, ಬೆವರು, ಹೊಟ್ಟೆನುಲಿತ, ಭೇದಿಗಳು ಉಂಟಾಗಬಹುದು. ಒಂದೆರಡು ಗಂಟೆಗಳ ಬಳಿಕ ರಕ್ತದ ಸಕ್ಕರೆ ಕುಸಿದು ತಲೆಸುತ್ತು ಬರಬಹುದು. ಹೋಳಿಗೆ, ಪಾಯಸ, ಬೆಲ್ಲದ ಕಾಯಿಹಾಲುಗಳಿಗೂ ಇದೇ ಎಚ್ಚರಿಕೆ.

ಮಲೆನಾಡಿನ ಮನೆಯಲ್ಲಿ ಪಥ್ಯ ಜಾರುವುದೆಲ್ಲಿ?

ಕಿರಿದಾದ ಜಠರವು ಗಟ್ಟಿ ಆಹಾರವನ್ನು ತಡೆಯುತ್ತದೆ. ಕರಗಿ ಇಳಿಯುವುದನ್ನು ತಡೆಯುವುದಿಲ್ಲ. ಕಾಫಿ, ಪಾನಕ, ಹಲಸಿನ ಹಣ್ಣು, ಬಾಯಲ್ಲಿ ಪುಡಿಯಾಗುವ ಚಿಪ್ಸು, ಹಪ್ಪಳಗಳು ಹೊಟ್ಟೆ ತುಂಬಿಸದೆ ಜಾರಿಹೋಗುತ್ತವೆ. ಹಾಲು, ಬೆಲ್ಲ ಹಾಕಿದ ಒಂದು ಲೋಟ ಕಾಫಿಯಲ್ಲಿ ಸುಮಾರು 100 ಕ್ಯಾಲೊರಿ ಎಂದರೂ ಐದು ಲೋಟಕ್ಕೆ 500 ಆಯಿತು. 100 ಗ್ರಾಂ ಕರಿದ ಚಿಪ್ಸಿನಲ್ಲಿಯೂ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು. ಶಸ್ತ್ರವು ಹೊಟ್ಟೆಯನ್ನು ಕಿರಿದು ಮಾಡಬಲ್ಲದು. ಕೈ ಎಷ್ಟು ಸಲ ಬಾಯಿಗೆ ಹೋಗಬೇಕೆಂಬುದನ್ನು ನಾವೇ ನಿರ್ಧರಿಸಬೇಕು.

ಮಳೆಗಾಲದಲ್ಲಿ ಇದು ಇನ್ನೂ ಕಷ್ಟ. ತೋಟದ ಕೆಲಸವಿಲ್ಲ, ತಿರುಗಾಟವಿಲ್ಲ, ಅಟ್ಟದ ಮೇಲೆ ಬೇಸಿಗೆಯಲ್ಲಿ ಮಾಡಿಟ್ಟ ಹಪ್ಪಳ, ಸಂಡಿಗೆಗಳ ಡಬ್ಬಿಗಳು. ದಿನಕ್ಕೆ ಮೂರು ಸಣ್ಣ ಊಟ, ಅಗತ್ಯವಿದ್ದರೆ ಒಂದೆರಡು ನಿಗದಿತ ಲಘು ಆಹಾರ ಎಂದು ಹೊತ್ತು ಗೊತ್ತುಮಾಡಿಕೊಂಡು, ನಡುವೆ ನೀರು ಅಥವಾ ಸಪ್ಪೆ ನೀರುಮಜ್ಜಿಗೆಯನ್ನಷ್ಟೇ ಸೇವಿಸಬೇಕು. ಹೊರಗೆ ನಡೆಯಲಾಗದಿದ್ದರೆ ಜಗಲಿಯಲ್ಲಿಯೇ ಅರ್ಧ ಗಂಟೆ ನಡೆಯಬೇಕು.

ತಟ್ಟೆಯಲ್ಲಿ ಏನಿರಬೇಕು?

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಸಸ್ಯಾಹಾರಿಗಳಾದ ನಮಗೆ ಇದು ತಾನಾಗಿ ಸಿಗುವುದಿಲ್ಲ, ಲೆಕ್ಕವಿಟ್ಟು ತಿನ್ನಬೇಕು. ಒಂದು ಲೋಟ ಹಾಲು ಅಥವಾ ಮೊಸರಿನಲ್ಲಿ ಆರರಿಂದ ಏಳು ಗ್ರಾಂ, ಒಂದು ಬಟ್ಟಲು ಬೆಂದ ಬೇಳೆಯಲ್ಲಿ ಸುಮಾರು ಏಳು ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಪ್ರೋಟೀನ್ ಇರುತ್ತದೆ. ಹೆಸರುಕಾಳು, ಹುರುಳಿ, ಕಡಲೆ, ಸೋಯಾಗಳನ್ನು ಮೆತ್ತಗೆ ಬೇಯಿಸಿ ಬಳಸಬಹುದು. ಹುರುಳಿಕಟ್ಟು ಬಲವರ್ಧಕವೆಂದು ಕಟ್ಟನ್ನಷ್ಟೇ ಕುಡಿಯುವ ರೂಢಿಯಿದೆ. ಆದರೆ ಪ್ರೋಟೀನಿನ ಬಹುಪಾಲು ಕಾಳಿನಲ್ಲಿಯೇ ಉಳಿಯುತ್ತದೆ; ಕಾಳನ್ನೂ ಅರೆದು ಸೇರಿಸಬೇಕು. ಸಾಲದಿದ್ದಲ್ಲಿ ವೈದ್ಯರು ಸೂಚಿಸಿದ ಪ್ರೋಟೀನ್ ಪುಡಿ ತೆಗೆದುಕೊಳ್ಳಲು ಸಂಕೋಚ ಬೇಡ.

ಮೊದಲು ಬೇಳೆ, ಮೊಸರು, ಪನೀರು. ನಂತರ ಬೆಂದ ತರಕಾರಿ. ಕೊನೆಗೆ ಜಾಗವಿದ್ದರೆ ಅನ್ನ. ಮುದ್ದೆಯಾದ ಅನ್ನ, ಕಡುಬು, ರೊಟ್ಟಿಗಳು ಕೆಲವರಿಗೆ ಅಂಟಿ ನಿಲ್ಲುತ್ತವೆ. ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು. ಎದೆಗೂಡಿನ ಕೆಳಗೆ ಒತ್ತಿದಂತಾದರೆ ಅಥವಾ ಬಿಕ್ಕಳಿಕೆ ಬಂದರೆ ಅಲ್ಲಿಗೆ ಕೈ ತೊಳೆಯಬೇಕು.

ಬಿ12, ಕಬ್ಬಿಣ, ಸುಣ್ಣದ ಅಂಶ, ವಿಟಮಿನ್ ಡಿ ಮಾತ್ರೆಗಳು ಜೀವನಪರ್ಯಂತ ಬೇಕು. “ಚೆನ್ನಾಗಿಯೇ ಇದ್ದೇನೆ” ಎಂದು ನಿಲ್ಲಿಸಬಾರದು. ನಮ್ಮ ಯಾವ ಚೂರ್ಣ, ಲೇಹ್ಯವೂ ಅವುಗಳಿಗೆ ಬದಲಿಯಲ್ಲವೆಂದು ಆಯುರ್ವೇದ ವೈದ್ಯರಾಗಿಯೇ ಹೇಳುತ್ತಿದ್ದೇವೆ. ಮೊದಲ ವರ್ಷ ವೈದ್ಯರು ಹೇಳಿದ ಅಂತರದಲ್ಲಿ, ಬಳಿಕ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಆಗಬೇಕು. ಮೈಕೈ ನೋವಿಗೆ ಅಂಗಡಿಯ ಮಾತ್ರೆ ನುಂಗುವುದು, ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುವುದು ಹುಣ್ಣಿಗೆ ದಾರಿ. ಹೆಣ್ಣುಮಕ್ಕಳು ಹನ್ನೆರಡರಿಂದ ಹದಿನೆಂಟು ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕು. ವಾಂತಿ ನಿಲ್ಲದೆ ಮುಂದುವರಿದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ವಿಟಮಿನ್ ಬಿ1 ಬರಿದಾಗಿ ನಡಿಗೆ, ದೃಷ್ಟಿಗಳಿಗೇ ಧಕ್ಕೆಯಾದೀತು.

ದಾಸೋಹದಲ್ಲಿ, ಮನೆಯ ಪಂಕ್ತಿಯಲ್ಲಿ

ಆ ಸಹೋದರಿಯ ಇನ್ನೊಂದು ಅಳಲು ನಮ್ಮನ್ನು ಯೋಚನೆಗೆ ಹಚ್ಚಿತು. ಶ್ರೀಮಠದ ದಾಸೋಹಕ್ಕೆ ಬರುವುದನ್ನೇ ಅವರು ಬಿಟ್ಟಿದ್ದರು. ಎಲೆಯಲ್ಲಿ ಪ್ರಸಾದ ಬಿಡುವುದು ಅಪಚಾರ, ಪೂರ್ತಿ ಉಂಡರೆ ವಾಂತಿ, ಹೋಗದಿರುವುದೇ ಲೇಸೆಂದುಕೊಂಡಿದ್ದರು. ಮನೆಯಲ್ಲಿ ಅತ್ತೆಯವರದು ಒಂದೇ ಮಾತು: “ಇಷ್ಟೇ ತಿಂದರೆ ಹೇಗಮ್ಮ, ಇನ್ನೊಂದು ಚೂರು ಹಾಕಿಸಿಕೋ.”

ಪ್ರಸಾದವು ಅಷ್ಟಾವರಣಗಳಲ್ಲಿ ಒಂದು. ಅದರ ಹಿರಿಮೆ ಅಳತೆಯಲ್ಲಿಲ್ಲ. ಇಷ್ಟಲಿಂಗಕ್ಕೆ ಅರ್ಪಿಸಿ, ಎಚ್ಚರದಿಂದ ಸ್ವೀಕರಿಸುವ ಭಾವದಲ್ಲಿದೆ. ಒಂದು ಚಮಚ ಸ್ವೀಕರಿಸಿದರೂ ಅದು ಪೂರ್ಣ ಪ್ರಸಾದವೇ. ಬಡಿಸುವವರಿಗೆ ಮೊದಲೇ “ಒಂದೊಂದು ಚಮಚ ಸಾಕು” ಎಂದು ಕೈಮುಗಿದು ಹೇಳಿದರೆ ಬಿಡುವ ಪ್ರಸಂಗವೇ ಬಾರದು, ಬಡಿಸುವವರೂ ಒತ್ತಾಯಿಸಬಾರದು. ಸಾವಿರಾರು ಮಕ್ಕಳಿಗೆ ದಿನವೂ ಅನ್ನವಿಕ್ಕಿಸಿದ ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಸ್ವಾಮಿಗಳವರು ತಾವು ಮಾತ್ರ ಮಿತಾಹಾರಿಗಳಾಗಿದ್ದುದನ್ನು ನಾಡೇ ಕಂಡಿದೆ. ಶಿವರಾತ್ರಿಯ ನಿರಾಹಾರ ಉಪವಾಸವನ್ನು ಇಂಥವರು ವೈದ್ಯರನ್ನು ಕೇಳದೆ ಕೈಗೊಳ್ಳಬಾರದು. ಅಂದು ಜಪ, ಪೂಜೆಗಳೇ ಅವರಿಗೆ ವ್ರತವಾಗಲಿ.

ಮನೆಯವರಿಗೂ ಒಂದು ವಿನಂತಿ. ಒಬ್ಬರಿಗೆ ಪಥ್ಯ, ಉಳಿದವರಿಗೆ ಹಪ್ಪಳ ಎಂದರೆ ಪಥ್ಯ ನಿಲ್ಲದು. ಡಬ್ಬಿ ಅಟ್ಟದಿಂದ ಕೆಳಗಿಳಿಯದಿರಲಿ. ಸಂಜೆಯ ಕಾಫಿಗೆ ಕೂತವರ ಮಧ್ಯೆ ಅವರಿಗೊಂದು ಲೋಟ ಮಜ್ಜಿಗೆಯೂ ಇರಲಿ.

ಆ ಸಹೋದರಿಗೆ ನಾವು ತೈಲ ಕೊಡಲಿಲ್ಲ. ರಕ್ತಪರೀಕ್ಷೆ ಮಾಡಿಸಿ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಮತ್ತೆ ಕಾಣಲು ಹೇಳಿ, ಅತ್ತೆಯವರನ್ನು ಒಮ್ಮೆ ಕರೆತರಲು ತಿಳಿಸಿದೆವು. ಅತ್ತೆಯವರು ಬಂದರು, ಗಮನವಿಟ್ಟು ಕೇಳಿದರು. ಕಾರ್ತಿಕದ ಹೊತ್ತಿಗೆ 4 ಕಿಲೋ ಇಳಿದಿತ್ತು, ಕೂದಲು ಉದುರುವುದೂ ಕಡಿಮೆಯಾಗಿತ್ತು. ಆ ತಿಂಗಳ ದಾಸೋಹದಲ್ಲಿ ಅತ್ತೆ ಸೊಸೆ ಅಕ್ಕಪಕ್ಕ ಕುಳಿತಿದ್ದರು. ಬಡಿಸುವವರು ಸೌಟು ಎತ್ತಿದಾಗ, “ಅವಳಿಗೆ ಒಂದೇ ಚಮಚ ಸಾಕಪ್ಪಾ” ಎಂದವರು ಅತ್ತೆಯವರೇ.