ಮೆಣಸಿನಕಾಯಿಯ ಕೆಂಪು, ದೀಪದ ಕೆಂಪು

ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ತರುವುದು ಖಾರಕ್ಕಿಂತ ಬಣ್ಣ. ಅದರ ಕಡುಗೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್. ಅದು ನೀಲಿ, ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ, ಕೆಂಪನ್ನು ಪ್ರತಿಫಲಿಸುತ್ತದೆ. ದೀಪದಲ್ಲೇ ಕೆಂಪು ಕಡಿಮೆಯಿದ್ದರೆ ಡಬ್ಬಿ ಎಂಬ ತಳಿಯ ಒಳ್ಳೆಯ ಕಾಯಿಯೂ ಮಂಕಾಗಿ, ಕಂದು ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ.

ಸಾಮಾನ್ಯ ಎಲ್‌ಇಡಿಯಲ್ಲಿ ನೀಲಿ ಚಿಪ್‌ನ ಮೇಲೆ ಹಳದಿ ಫಾಸ್ಫರ್ ಲೇಪವಿರುತ್ತದೆ. ಕಡುಗೆಂಪು ಅದರಲ್ಲಿ ತೀರಾ ಕಡಿಮೆ. ದೀಪದ ಪೆಟ್ಟಿಗೆಯ ಮೇಲಿನ, ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆಂದು ಹೇಳುವ ಸಿಆರ್‌ಐ ಅಂಕವನ್ನಷ್ಟೇ ನಂಬುವಂತಿಲ್ಲ. ಅದು 8 ತಿಳಿಬಣ್ಣಗಳ ಸರಾಸರಿ, ಗಾಢ ಕೆಂಪನ್ನು ಅಳೆಯುವ ಆರ್9 ಅದರ ಲೆಕ್ಕಕ್ಕೇ ಬರುವುದಿಲ್ಲ. 80 ಅಂಕದ ದೀಪದ ಆರ್9 ಸೊನ್ನೆಯ ಆಸುಪಾಸಿನಲ್ಲಿರಬಹುದು.

ಕೆಂಪು ಫಾಸ್ಫರ್ ಬೆರೆಸಿದರೆ ಈ ಕೊರತೆ ನೀಗುತ್ತದೆ. 580 ನ್ಯಾನೋಮೀಟರ್ ಸುತ್ತಲಿನ ಹಳದಿಯನ್ನು ತಗ್ಗಿಸಿದರೆ ಕೆಂಪು, ಹಸಿರು ಇನ್ನಷ್ಟು ದೂರ ಸರಿಯುತ್ತವೆ, ಆರಿಸಲು ಅನುಕೂಲ. ಆದರೆ ಅಂಥ ದೀಪ ಬಣ್ಣವನ್ನು ತುಸು ಉಬ್ಬಿಸಿಯೂ ತೋರಿಸುತ್ತದೆ. ಬೆಲೆ ಕಟ್ಟಲು ಹಗಲಿನ ಬೆಳಕನ್ನು ಹೋಲುವ ದೀಪವೇ ಲೇಸು.